‘ಆಗಲ್ಲ’ ಅಂದವನನ್ನು ಏನು ಮಾಡುವುದು?



ಇನ್‌ಸಬಾರ್ಡಿನೇಷನ್! ಹೇಳುವಷ್ಟರಲ್ಲೇ ನಾಲಿಗೆಗೆ ಒಂದು ಸುತ್ತು ಕಸರತ್ತು. ನಿಘಂಟು ತೆಗೆದರೆ ‘ಅವಿಧೇಯತೆ’, ‘ಆಜ್ಞೋಲ್ಲಂಘನೆ’ ಅಂತೆಲ್ಲ ಸಿಗುತ್ತದೆ. ಆದರೆ ‘ಅವಿಧೇಯತೆ ತೋರಿಸಬೇಡ ಕಣೋ’ ಅಂತ ಯಾವ ಅಪ್ಪನೂ ಮಗನನ್ನು ಗದರಿದ್ದು ನಾನು ಕೇಳಿಲ್ಲ. ನಾವು ಕೇಳಿ ಬೆಳೆದ ಪದಗಳೇ ಬೇರೆ. ಎದುರುತ್ತರ, ಅಧಿಕಪ್ರಸಂಗ, ಉದ್ಧಟತನ, ಸೊಕ್ಕು, ಧಿಮಾಕು, ಕೊಬ್ಬು... ಪಟ್ಟಿ ಉದ್ದ ಇದೆ, ನಿಮ್ಮ ಊರಿನದನ್ನು ನೀವೇ ಸೇರಿಸಿಕೊಳ್ಳಿ. ಸ್ವಲ್ಪ ಗಮನಿಸಿ ನೋಡಿ: ಈ ಪದಗಳೆಲ್ಲ ಮಾತಿನ ಧಾಟಿಯ ಬಗ್ಗೆ ಇವೆ. ಹೇಳಿದ ಕೆಲಸ ಆಯಿತೋ ಇಲ್ಲವೋ ಎನ್ನುವುದರ ಬಗ್ಗೆ ಒಂದೂ ಇಲ್ಲ! ಶಾಲೆಯಲ್ಲೂ ಅಷ್ಟೇ. ಹೋಮ್‌ವರ್ಕ್ ಮಾಡದೆ ತಲೆ ತಗ್ಗಿಸಿ ನಿಂತವನಿಗೆ ಒಂದು ಏಟು. ಹೋಮ್‌ವರ್ಕ್ ಮಾಡಿಕೊಂಡು ಬಂದು, ‘ಸಾರ್, ಬೋರ್ಡ್ ಮೇಲಿರೋ ಲೆಕ್ಕವೇ ತಪ್ಪು’ ಅಂದವನಿಗೆ ಎರಡು!

ಈ ವಿಷಯ ಯಾಕೀಗ ಅಂದರೆ, ನಮ್ಮ ಸಂಘದಲ್ಲಿ ಹತ್ತು ಹನ್ನೆರಡು ವರ್ಷದ ಹಿಂದೆ ಪ್ರೋಗ್ರಾಮರ್ ಆಗಿ ಅಮೆರಿಕಕ್ಕೆ ಬಂದವರೆಲ್ಲ ಈಗ ಲೀಡ್, ಮ್ಯಾನೇಜರ್, ಕೆಲವರು ಡೈರೆಕ್ಟರ್ ಕೂಡ ಆಗಿದ್ದಾರೆ. ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತಿನ ಸಾಲಲ್ಲಿ ನಿಂತರೆ ಸಾಕು, ‘ನನ್ನ ಟೀಮಲ್ಲಿ ಒಬ್ಬ ಇದಾನೆ ಮಾರಾಯ, ಹೇಳಿದ ಮಾತು ಕೇಳೋದೇ ಇಲ್ಲ’ ಅನ್ನುವ ಪುರಾಣ ಶುರು. ಪಕ್ಕದ ಸಾಲಲ್ಲಿ ಹೊಸದಾಗಿ ಬಂದ ಹುಡುಗ, ‘ನಮ್ಮ ಮ್ಯಾನೇಜರ್‌ಗೆ ಏನು ಹೇಳಿದರೂ ಇನ್‌ಸಬಾರ್ಡಿನೇಷನ್ ಅಂತಾರೆ’ ಅನ್ನುತ್ತಿರುತ್ತಾನೆ. ಬಿ.ಇ.ಯಲ್ಲಿ ನಮಗೆ ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ಹೇಳಿಕೊಟ್ಟರು. ಉಕ್ಕಿನ ಸರಳು ಎಷ್ಟು ಒತ್ತಡಕ್ಕೆ ಬಾಗುತ್ತದೆ, ಎಷ್ಟಕ್ಕೆ ಮುರಿಯುತ್ತದೆ ಅಂತ ಲೆಕ್ಕ ಹಾಕಿದೆವು. ಮನುಷ್ಯನ ವಿಷಯದಲ್ಲಿ ಅಂಥ ಟೇಬಲ್ ಯಾರೂ ಕೊಡಲಿಲ್ಲ.

ನನ್ನ ಟೀಮಿನ ಇಬ್ಬರನ್ನು ತಗೊಳ್ಳಿ. ಒಬ್ಬ ಇಲ್ಲಿಯವನೇ, ಅಮೆರಿಕನ್. ಮೀಟಿಂಗಿನಲ್ಲಿ ಎಲ್ಲರೆದುರು, ‘ಈ ಡಿಸೈನ್ ಕೆಲಸ ಮಾಡಲ್ಲ, ಇದು ಮೂರ್ಖತನ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ. ಅರ್ಧ ಗಂಟೆ ವಾದ ಮಾಡುತ್ತಾನೆ. ‘ಸರಿ, ಆದರೂ ಹೀಗೇ ಮಾಡೋಣ’ ಅಂತ ತೀರ್ಮಾನವಾದರೆ ಮರುದಿನ ಬೆಳಿಗ್ಗೆಯೇ ಕೆಲಸ ಶುರು ಮಾಡಿ, ಹೇಳಿದ ದಿನಕ್ಕೆ ಮುಗಿಸಿಕೊಡುತ್ತಾನೆ. ಇನ್ನೊಬ್ಬರು ನಮ್ಮ ಕಡೆಯವರೇ. ಎಂದೂ ಎದುರಾಡಿದವರಲ್ಲ. ‘ಆಯ್ತು, ಮಾಡ್ತೀನಿ, ತೊಂದರೆ ಇಲ್ಲ.’ ಮೂರು ವಾರ ಕಳೆದರೂ ಫೈಲ್ ಮುಟ್ಟಿರುವುದಿಲ್ಲ. ಕೇಳಿದರೆ, ‘ಅದು ಸರಿ ಹೋಗಲ್ಲ ಅಂತ ನನಗೆ ಮೊದಲೇ ಅನ್ನಿಸಿತ್ತು’ ಅನ್ನುವ ಉತ್ತರ! ಈಗ ನೀವೇ ಹೇಳಿ, ಇವರಿಬ್ಬರಲ್ಲಿ ಆಜ್ಞೆ ಮೀರಿದವರು ಯಾರು? ನಮ್ಮ ಹಳೇ ಪದಪಟ್ಟಿ ಹಿಡಿದು ಹೋದರೆ ಮೊದಲನೆಯವನು ಸಿಕ್ಕಿಬೀಳುತ್ತಾನೆ, ಎರಡನೆಯವರು ‘ತುಂಬಾ ಒಳ್ಳೆಯವರು’ ಅನ್ನಿಸಿಕೊಂಡು ಪಾರಾಗುತ್ತಾರೆ.

ಇದರ ಬಗ್ಗೆ ಕಾನೂನು ಏನನ್ನುತ್ತದೆ ಅಂತ ಹುಡುಕಿದೆ. ನನಗೆ ಹಿಡಿಸಿದ ಮಾತು ಸಿಕ್ಕಿದ್ದು ಅಮೆರಿಕದಲ್ಲಲ್ಲ, ನಮ್ಮ ದೇಶದ ಹಳೆಯ ಕಡತದಲ್ಲಿ. ಬೆಂಗಳೂರಿನ ಎಚ್ಎಂಟಿ, ಬಿಇಎಲ್, ಐಟಿಐ ಕಡೆ ಕೆಲಸ ಮಾಡಿದ ಅಪ್ಪಂದಿರ ಮಕ್ಕಳಿಗೆ ‘ಸ್ಟ್ಯಾಂಡಿಂಗ್ ಆರ್ಡರ್ಸ್’, ‘ಚಾರ್ಜ್‌ಶೀಟ್’, ‘ಡೊಮೆಸ್ಟಿಕ್ ಎನ್‌ಕ್ವೈರಿ’ ಎಲ್ಲ ಊಟದ ಹೊತ್ತಿನ ಮಾತುಗಳೇ. 1946ರ ಕಾಯ್ದೆಯಡಿ ಬಂದ ಮಾದರಿ ಸ್ಥಾಯೀ ಆದೇಶಗಳಲ್ಲಿ ದುರ್ನಡತೆಗಳ ಪಟ್ಟಿಯಿದೆ. ಕಳ್ಳತನಕ್ಕಿಂತ ಮುಂಚೆ, ಮೊಟ್ಟಮೊದಲಿಗೆ ಬರುವುದೇ ಇದು: ಮೇಲಧಿಕಾರಿಯ ಕಾನೂನುಬದ್ಧವಾದ, ಸಮಂಜಸವಾದ ಆದೇಶವನ್ನು ಬೇಕೆಂದೇ ಮೀರುವುದು. (2025ರ ನವೆಂಬರ್‌ನಲ್ಲಿ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂದು ಆ ಹಳೇ ಕಾಯ್ದೆಯ ಜಾಗ ಹಿಡಿದಿದೆ. ಅದಿರಲಿ.) ಅದರಲ್ಲಿರುವ ಮೂರು ಷರತ್ತು ನೋಡಿ. ಆದೇಶ ಕಾನೂನುಬದ್ಧವಾಗಿರಬೇಕು, ಸಮಂಜಸವಾಗಿರಬೇಕು, ಮೀರಿದ್ದು ಬೇಕೆಂದೇ ಆಗಿರಬೇಕು. ಮರೆತಿದ್ದು, ಅರ್ಥವಾಗದೆ ಬಿಟ್ಟಿದ್ದು, ಬರದೆ ಬಿಟ್ಟಿದ್ದು ಇದರೊಳಗೆ ಬರುವುದಿಲ್ಲ. ಗಟ್ಟಿ ದನಿಯಲ್ಲಿ ಮಾತಾಡಿದ್ದು ಬೇರೆ ತಪ್ಪಾಗಬಹುದು, ಈ ತಪ್ಪಲ್ಲ.

ಅಮೆರಿಕದ ಕಥೆ ಬೇರೆ. ಇಲ್ಲಿ ‘ಅಟ್-ವಿಲ್’ ನೌಕರಿ. ಮೊಂಟಾನಾ ರಾಜ್ಯವೊಂದನ್ನು ಬಿಟ್ಟರೆ (ಅಲ್ಲಿ 1987ರಿಂದ, ಪ್ರೊಬೇಷನ್ ಮುಗಿದವರನ್ನು ತೆಗೆಯಲು ತಕ್ಕ ಕಾರಣ ಬೇಕು) ಖಾಸಗಿ ಕಂಪನಿ ನಿಮ್ಮನ್ನು ಯಾವ ಕಾರಣಕ್ಕಾದರೂ, ಕಾರಣವೇ ಇಲ್ಲದೆಯೂ ತೆಗೆಯಬಹುದು. ಕಾನೂನು ನಿಷೇಧಿಸಿದ ಕಾರಣ ಮಾತ್ರ ಆಗಿರಬಾರದು, ಅಷ್ಟೇ. ಆದರೆ ಆ ‘ಅಷ್ಟೇ’ಯೊಳಗೆ ಬಹಳ ಇದೆ. ಬಾಲ್ಟಿಮೋರ್‌ನ ಒಂದು ಅಲ್ಯುಮಿನಿಯಂ ಕಾರ್ಖಾನೆ, 1959ರ ಜನವರಿ. ಕೊರೆಯುವ ಚಳಿ, ಒಳಗೆ ಕಾಯಿಸುವ ಫರ್ನೇಸ್ ಕೆಟ್ಟಿದೆ. ಏಳು ಜನ ಕೆಲಸಗಾರರು ‘ಈ ಚಳಿಯಲ್ಲಿ ಆಗಲ್ಲ’ ಅಂತ ಎದ್ದು ಮನೆಗೆ ನಡೆದರು. ಫೋರ್‌ಮನ್ ಅನುಮತಿ ಇಲ್ಲದೆ ಹೋದಿರಿ ಅಂತ ಕಂಪನಿ ಏಳೂ ಜನರನ್ನು ಕೆಲಸದಿಂದ ತೆಗೆಯಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1962ರಲ್ಲಿ ಕೆಲಸಗಾರರ ಪರ ತೀರ್ಪಾಯಿತು. ಅವರಿಗೆ ಯೂನಿಯನ್ ಕೂಡ ಇರಲಿಲ್ಲ! ಕೆಲಸದ ಪರಿಸ್ಥಿತಿಯ ಬಗ್ಗೆ ನಾಲ್ಕು ಜನ ಸೇರಿ ದೂರುವುದಕ್ಕೆ 1935ರ ಕಾರ್ಮಿಕ ಕಾಯ್ದೆಯ ರಕ್ಷಣೆ ಇದೆ, ಕಂಪನಿಯ ನಿಯಮ ಅದಕ್ಕಿಂತ ದೊಡ್ಡದಲ್ಲ ಅಂದಿತು ಕೋರ್ಟು. ಈ ರಕ್ಷಣೆ ಕಂಪ್ಯೂಟರ್ ಮುಂದೆ ಕೂತವರಿಗೂ ಇದೆ. ಮ್ಯಾನೇಜರ್‌ಗಳಿಗೆ ಮಾತ್ರ ಇಲ್ಲ, ಅದನ್ನು ಬಡ್ತಿ ಸಿಕ್ಕವರು ನೆನಪಿಟ್ಟುಕೊಳ್ಳಿ.

ಯೂನಿಯನ್ ಇರುವ ಕಡೆ ಇನ್ನೊಂದು ಸೂತ್ರ ನಡೆಯುತ್ತದೆ: ಈಗ ಮಾಡು, ಆಮೇಲೆ ದೂರು. 1944ರಲ್ಲಿ ಫೋರ್ಡ್ ಕಂಪನಿಯ ಒಂದು ತಕರಾರಿನಲ್ಲಿ ಹ್ಯಾರಿ ಶುಲ್ಮನ್ ಎಂಬ ಪಂಚಾಯ್ತಿದಾರ ಇದನ್ನು ವಿವರಿಸಿದ್ದರು. ಒಂದೊಂದು ಆದೇಶಕ್ಕೂ ಚರ್ಚೆ ಮುಗಿಯಲಿ ಅಂತ ಕಾರ್ಖಾನೆ ನಿಲ್ಲಿಸಿಕೊಂಡು ಕೂರಲಾಗದು, ಅನ್ಯಾಯವಾಗಿದ್ದರೆ ಆಮೇಲೆ ಪರಿಹಾರ ಕೇಳುವ ದಾರಿ ಇದೆಯಲ್ಲ ಎಂಬ ವಾದ ಅವರದು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸೂತ್ರಕ್ಕೆ ವಿನಾಯಿತಿಗಳೂ ಇವೆ. ಜೀವಕ್ಕೆ ಅಪಾಯವಿದ್ದರೆ, ಆದೇಶವೇ ಕಾನೂನುಬಾಹಿರವಾಗಿದ್ದರೆ, ‘ಈಗ ಮಾಡು’ ಅನ್ನುವ ಹಾಗಿಲ್ಲ. ಕೆಲವು ಕೆಲಸ ಮಾಡಿದ ಮೇಲೆ ದೂರಿ ಪ್ರಯೋಜನವಿಲ್ಲ.

ಎಂಜಿನಿಯರ್‌ಗಳಾದ ನಾವು ಇಲ್ಲಿ ಅಲನ್ ಮೆಕ್‌ಡೊನಾಲ್ಡ್ ಅವರನ್ನು ನೆನೆಯಬೇಕು. 1986ರ ಜನವರಿ 27ರ ರಾತ್ರಿ. ಮರುದಿನ ಬೆಳಿಗ್ಗೆ ಚಾಲೆಂಜರ್ ನೌಕೆ ಹಾರಬೇಕು. ಬೂಸ್ಟರ್ ರಾಕೆಟ್ ಮಾಡಿಕೊಟ್ಟ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್‌ಗಳು ಯೂಟಾದಿಂದ ಫೋನಿನಲ್ಲಿ, ‘ಇಷ್ಟು ಚಳಿಯಲ್ಲಿ ಕೀಲುಗಳ ರಬ್ಬರ್ ರಿಂಗ್ ಸರಿಯಾಗಿ ಕೂರುವುದಿಲ್ಲ, 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಬೇಡ’ ಅಂದರು. ನಾಸಾದವರಿಗೆ ಇದು ಹಿಡಿಸಲಿಲ್ಲ. ಕಂಪನಿಯ ದೊಡ್ಡವರು ಸ್ವಲ್ಪ ಹೊತ್ತು ಫೋನ್ ಮ್ಯೂಟ್ ಮಾಡಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂಬ ಸಲಹೆ ಬಂತು. ನಿರ್ಧಾರ ತಿರುಗಿತು. ಆಗ ಫ್ಲಾರಿಡಾದ ಉಡಾವಣಾ ಕೇಂದ್ರದಲ್ಲಿ ಕಂಪನಿಯ ಪರವಾಗಿ ಇದ್ದವರು ಮೆಕ್‌ಡೊನಾಲ್ಡ್. ‘ಹಾರಿಸಬಹುದು’ ಎಂಬ ಕಾಗದಕ್ಕೆ ಸಹಿ ಹಾಕುವುದು ಅವರ ಕೆಲಸ. ಅವರು ಹಾಕಲಿಲ್ಲ. ಮೇಲಿನವರು ಯೂಟಾದಲ್ಲಿ ಸಹಿ ಮಾಡಿ ಫ್ಯಾಕ್ಸ್ ಕಳಿಸಿದರು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಗಿ ಏಳೂ ಜನ ತೀರಿಕೊಂಡರು.

ಮುಂದಿನದನ್ನು ಕೇಳಿ. ತನಿಖಾ ಆಯೋಗದೆದುರು ಆ ರಾತ್ರಿಯ ಕಥೆ ಹೇಳಿದ್ದಕ್ಕೆ ಕಂಪನಿ ಮೆಕ್‌ಡೊನಾಲ್ಡ್ ಅವರನ್ನು ಹುದ್ದೆಯಿಂದ ಪಕ್ಕಕ್ಕೆ ಸರಿಸಿತು! ಅಮೆರಿಕದ ಸಂಸತ್ತಿನವರು ಗದರಿದ ಮೇಲೆ ವಾಪಸ್ ತಂದಿತು. ಅದೇ ಬೂಸ್ಟರ್ ಕೀಲಿನ ಮರುವಿನ್ಯಾಸದ ನೇತೃತ್ವ ವಹಿಸಿದ್ದು ಅವರೇ. ಆ ಕಂಪನಿಯ ಲೆಕ್ಕದಲ್ಲಿ 27ರ ರಾತ್ರಿ ಅವರು ಮಾತು ಕೇಳದ ನೌಕರ. ಆದರೆ ಅವರು ಕೂಗಾಡಲಿಲ್ಲ, ಬಾಗಿಲು ಬಡಿದು ಹೋಗಲಿಲ್ಲ. ಯಾಕೆ ಆಗದು ಅಂತ ಕಾರಣ ಹೇಳಿದರು, ತಮ್ಮ ಕೈಯಲ್ಲಿದ್ದ ಒಂದು ಸಹಿಯನ್ನು ತಡೆಹಿಡಿದರು.

ಉಲ್ಟಾ ಉದಾಹರಣೆಯೂ ಇದೆ, ಅದು ಸಾಫ್ಟ್‌ವೇರಿಗೆ ಇನ್ನೂ ಹತ್ತಿರ. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳಲ್ಲಿ, ಹೊಗೆ ಪರೀಕ್ಷೆ ನಡೆಯುತ್ತಿದೆ ಅಂತ ಪತ್ತೆ ಹಚ್ಚಿ ಆಗ ಮಾತ್ರ ಸಭ್ಯವಾಗಿ ವರ್ತಿಸುವ ಸಾಫ್ಟ್‌ವೇರ್ ಇದ್ದ ಹಗರಣ 2015ರಲ್ಲಿ ಬಯಲಾಯಿತಲ್ಲ, ಅದರಲ್ಲಿ ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರ್‌ಗೆ 2017ರಲ್ಲಿ ಡೆಟ್ರಾಯಿಟ್ ಕೋರ್ಟು 40 ತಿಂಗಳ ಜೈಲು, 2 ಲಕ್ಷ ಡಾಲರ್ ದಂಡ ವಿಧಿಸಿತು. ಅವರು ಕಂಪನಿಯ ಮಾತು ಮೀರಿದವರಲ್ಲ, ಕಂಪನಿಗೆ ನಿಷ್ಠರಾಗಿ ನಡೆದವರು. ‘ಮೇಲಿನವರಿಗೆ ಬೇಕಿತ್ತು, ಮಾಡಿದೆ’ ಅನ್ನುವುದು ಕೋರ್ಟಿನಲ್ಲಿ ಅವರನ್ನು ಕಾಯಲಿಲ್ಲ.

ಮ್ಯಾನೇಜ್‌ಮೆಂಟ್ ಭಾಷಣಕಾರರಿಗೆ ಇವೆಲ್ಲಕ್ಕಿಂತ ಇಷ್ಟವಾದ ಕಥೆ ಹ್ಯೂಲೆಟ್-ಪ್ಯಾಕರ್ಡ್‌ನದು. ಚಕ್ ಹೌಸ್ ಎಂಬ ಎಂಜಿನಿಯರ್ ಒಂದು ಡಿಸ್‌ಪ್ಲೇ ಮಾನಿಟರ್ ಮಾಡುತ್ತಿದ್ದರು. ಡೇವಿಡ್ ಪ್ಯಾಕರ್ಡ್ ಅವರೇ ಬಂದು, ‘ಮುಂದಿನ ವರ್ಷ ಬರುವಾಗ ಇದು ಲ್ಯಾಬಿನಲ್ಲಿ ಕಾಣಬಾರದು’ ಎಂಬ ಅರ್ಥದಲ್ಲಿ ಹೇಳಿ ಹೋದರು. ಹೌಸ್ ಏನು ಮಾಡಿದರು ಗೊತ್ತೇ? ಮಾದರಿಯನ್ನು ಕಾರಿನಲ್ಲಿ ಹಾಕಿಕೊಂಡು ರಜೆಯಲ್ಲಿ ಗಿರಾಕಿಗಳಿಗೆ ತೋರಿಸಿ ಬಂದು, ವರ್ಷ ತುಂಬುವುದರೊಳಗೆ ಅದನ್ನು ಉತ್ಪಾದನೆಗೆ ಹಾಕಿಸಿಬಿಟ್ಟರು. ಲ್ಯಾಬಿನಲ್ಲಿ ಇರಲಿಲ್ಲ, ನಿಜ! ಅದು 17 ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ಪ್ಯಾಕರ್ಡ್ ಆಮೇಲೆ ಅವರಿಗೆ ಅಸಾಧಾರಣ ಧಿಕ್ಕಾರಕ್ಕಾಗಿ ಅಂತಲೇ ಒಂದು ಪದಕ ಕೊಟ್ಟು, ತಮ್ಮ ಪುಸ್ತಕದಲ್ಲೂ ಬರೆದುಕೊಂಡರು. ಚಂದದ ಕಥೆ. ಆದರೆ ನನಗೊಂದು ತಕರಾರಿದೆ. ಮಾನಿಟರ್ ಮಾರಾಟವಾಗದೇ ಇದ್ದಿದ್ದರೆ ಪದಕ ಸಿಗುತ್ತಿತ್ತೇ? ಗೆದ್ದವರ ಧಿಕ್ಕಾರಕ್ಕೆ ಪದಕ, ಸೋತವರದಕ್ಕೆ ಪಿಂಕ್ ಸ್ಲಿಪ್. ದುಡ್ಡು ಬಂತೋ ಇಲ್ಲವೋ ಎನ್ನುವುದನ್ನು ಅಳತೆಗೋಲು ಮಾಡಿಕೊಂಡರೆ ನಮ್ಮ ಟೀಮಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಹೌಸ್ ಮಾಡಿದ್ದು ಬೇಕೆಂದೇ ಮೀರಿದ್ದು, ಆದೇಶವೂ ಸಮಂಜಸವಾಗಿತ್ತು. ಪ್ಯಾಕರ್ಡ್ ದೊಡ್ಡ ಮನಸ್ಸು ಮಾಡಿದರು, ಅಷ್ಟೇ.

ಈಗ ನಮ್ಮ ನಡುವಿನ ಒಂದು ಘಟನೆ. ಗುರುತು ಸಿಗದ ಹಾಗೆ ಹೇಳುತ್ತೇನೆ. ನನ್ನ ಪರಿಚಯದ ಒಬ್ಬ ಹುಡುಗ, ಎಚ್‌-1ಬಿ ವೀಸಾ, ಹೆಂಡತಿಗೆ ಏಳು ತಿಂಗಳು. ಶುಕ್ರವಾರ ಸಂಜೆ ಐದು ಗಂಟೆಗೆ ಕ್ಲೈಂಟ್ ಜೊತೆ ಬ್ರಿಡ್ಜ್ ಕಾಲ್, ಹನ್ನೆರಡು ಜನ ಇದ್ದಾರೆ. ಪ್ರೊಡಕ್ಷನ್ ಡೇಟಾಬೇಸಿನ ಮೇಲೆ ಒಂದು ಸ್ಕ್ರಿಪ್ಟನ್ನು ಈಗಲೇ ಓಡಿಸು ಅಂದರು ಮ್ಯಾನೇಜರ್. ಇವನು ‘ಆಗಲ್ಲ’ ಅಂದ. ಅವರು ಮತ್ತೆ ಹೇಳಿದರು. ಇವನು, ‘ನಾನು ಓಡಿಸಲ್ಲ, ಬೇಕಾದರೆ ನೀವೇ ಓಡಿಸಿಕೊಳ್ಳಿ’ ಅಂದುಬಿಟ್ಟ. ಸೋಮವಾರ ಬೆಳಿಗ್ಗೆ ಎಚ್‌ಆರ್‌ನಿಂದ ಮೇಲ್. ವಿಷಯದ ಸಾಲಿನಲ್ಲಿ ಆ ಪದ: ಇನ್‌ಸಬಾರ್ಡಿನೇಷನ್.

ರಾತ್ರಿ ನನಗೆ ಫೋನ್ ಮಾಡಿದಾಗ ಅವನ ದನಿ ನಡುಗುತ್ತಿತ್ತು. ಯಾಕೆ ಅಂತ ಇಲ್ಲಿರುವ ನಮಗೆ ಬಿಡಿಸಿ ಹೇಳಬೇಕಿಲ್ಲ. ಎಚ್‌-1ಬಿಯಲ್ಲಿ ಕೆಲಸ ಹೋದರೆ 2017ರಿಂದ ಇರುವ ನಿಯಮದ ಪ್ರಕಾರ ಹೆಚ್ಚೆಂದರೆ 60 ದಿನ. ಐ-94 ಅದಕ್ಕೂ ಮುಂಚೆ ಮುಗಿಯುವುದಿದ್ದರೆ ಅಷ್ಟೂ ಇಲ್ಲ. ಅಷ್ಟರಲ್ಲಿ ಬೇರೆ ಕಂಪನಿ ಹುಡುಕಬೇಕು, ವೀಸಾದ ಬಗೆ ಬದಲಿಸಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಮನೆಯಲ್ಲಿ ಹೆರಿಗೆ, ಕೈಯಲ್ಲಿ ಇನ್ಶೂರೆನ್ಸ್ ಇಲ್ಲ ಅನ್ನುವ ಸ್ಥಿತಿಯನ್ನು ಊಹಿಸಿಕೊಳ್ಳಿ. ಒಬ್ಬ ಮ್ಯಾನೇಜರ್ ಸಿಟ್ಟಿನಲ್ಲಿ ಟೈಪ್ ಮಾಡುವ ಒಂದು ಪದಕ್ಕೆ ಇಲ್ಲಿ ಇಷ್ಟು ತೂಕ ಇದೆ. ಊರಿನಲ್ಲಿ ‘ತಲೆಹರಟೆ’ ಅಂತ ಬೈದು ಮರುದಿನ ಕಾಫಿಗೆ ಕರೆದ ಹಾಗಲ್ಲ ಇದು.

ಮಂಗಳವಾರ ಮೀಟಿಂಗ್ ಆಯಿತು. ಎಚ್‌ಆರ್‌ನ ಹೆಂಗಸು ಪಾಪ ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರಂತೆ. ಏನು ಮಾಡಲು ಹೇಳಿದ್ದು, ಯಾವ ಮಾತಿನಲ್ಲಿ? ಮಾಡದಿದ್ದರೆ ಏನಾಗುತ್ತದೆ ಅಂತ ಹೇಳಿತ್ತೇ? ಯಾಕೆ ಆಗದು ಅಂದ? ಆಗ ಒಂದು ಸಂಗತಿ ಹೊರಬಿತ್ತು. ಕಾಲ್‌ಗಿಂತ ಒಂದು ಗಂಟೆ ಮುಂಚೆ ಹುಡುಗ ಚಾಟ್‌ನಲ್ಲಿ, ‘ನಿನ್ನೆ ರಾತ್ರಿಯ ಬ್ಯಾಕಪ್ ಫೇಲ್ ಆಗಿದೆ, ಸ್ಕ್ರಿಪ್ಟ್ ತಪ್ಪಿದರೆ ಹಿಂದಕ್ಕೆ ಬರಲು ದಾರಿ ಇಲ್ಲ’ ಅಂತ ಬರೆದಿದ್ದ. ಮ್ಯಾನೇಜರ್ ಓದಿರಲಿಲ್ಲ. ಕಾಲ್‌ನಲ್ಲಿ ಕ್ಲೈಂಟ್ ಮುಂದೆ ಬ್ಯಾಕಪ್ ಇಲ್ಲ ಅಂತ ಹೇಳುವುದು ಹೇಗೆ ಅಂತ ಇವನು ಕಾರಣ ನುಂಗಿಕೊಂಡು, ‘ಆಗಲ್ಲ’ ಒಂದನ್ನೇ ಉಗುಳಿದ್ದ! ಒಬ್ಬರಿಗೆ ಕಾರಣ ಗೊತ್ತಿಲ್ಲ, ಇನ್ನೊಬ್ಬನಿಗೆ ಅವರಿಗೆ ಗೊತ್ತಿಲ್ಲ ಎನ್ನುವುದು ಗೊತ್ತಿಲ್ಲ.

ಲಿಖಿತ ಎಚ್ಚರಿಕೆ ಹೋಗಿ ಬಾಯಿಮಾತಿನ ಎಚ್ಚರಿಕೆ ಆಯಿತು. ಅದೂ ‘ನೀವೇ ಓಡಿಸಿಕೊಳ್ಳಿ’ ಎಂಬ ಮಾತಿಗೆ ಮಾತ್ರ. ಹುಡುಗನಿಗೆ ಅದೂ ಅನ್ಯಾಯ ಅನ್ನಿಸಿತು. ನನ್ನನ್ನು ಕೇಳಿದರೆ ಕಂಪನಿ ಸರಿಯಾಗಿಯೇ ಬಿಡಿಸಿ ನೋಡಿತು: ಸ್ಕ್ರಿಪ್ಟ್ ಓಡಿಸದೇ ಇದ್ದದ್ದು ಒಂದು, ಗಿರಾಕಿಯ ಮುಂದೆ ಆಡಿದ ಮಾತು ಇನ್ನೊಂದು. ಮಗು ಹುಟ್ಟಿದ ನಾಲ್ಕು ತಿಂಗಳಿಗೆ ಅವನು ಬೇರೆ ಕಂಪನಿಗೆ ಹೋದ. ಆ ಮ್ಯಾನೇಜರ್ ಜೊತೆ ಮತ್ತೆ ಸರಿಹೋಗಲಿಲ್ಲವಂತೆ. ಇಂಥವು ಪೂರ್ತಿ ಸರಿಹೋಗುವುದು ಕಡಿಮೆ.

ಹಾಗಂತ ನಿಜವಾದ ಉದ್ಧಟರು ಇಲ್ಲವೇ? ಇದ್ದಾರೆ, ಧಾರಾಳವಾಗಿ. ಆನ್-ಕಾಲ್ ಸರದಿ ಬಂದಾಗಲೆಲ್ಲ ಫೋನ್ ಆಫ್ ಮಾಡುವವನು, ಕೋಡ್ ರಿವ್ಯೂ ನನ್ನಂಥವನಿಗಲ್ಲ ಅನ್ನುವವನು, ಹೊಸ ಲೀಡ್ ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಅವಳ ಮೇಲ್‌ಗೆ ಉತ್ತರಿಸದೆ ಹಳೇ ಬಾಸ್‌ಗೇ ಬರೆಯುವವನು. ಇಂಥವರ ಮೇಲೆ ಕನಿಕರ ತೋರಿಸುವುದು ಉಳಿದವರಿಗೆ ಮಾಡುವ ಮೋಸ. ಅವನ ಆನ್-ಕಾಲ್ ರಾತ್ರಿ ನಿದ್ದೆಗೆಡುವವರು ಯಾರು? ಬಾಯಿ ಇಲ್ಲದ ಇನ್ನೊಬ್ಬ!

ಆದರೆ ಆ ದಾರಿ ಹಿಡಿಯುವ ಮುಂಚೆ ಬಾಗಿಲು ಮುಚ್ಚಿ ಒಬ್ಬನನ್ನೇ ಕೂರಿಸಿ ಕೇಳಿ. ಸ್ಟ್ಯಾಂಡ್-ಅಪ್ ಮೀಟಿಂಗಿನಲ್ಲಿ ಬೇಡ, ಎಲ್ಲರಿಗೂ ಹೋಗುವ ಮೇಲ್‌ನಲ್ಲಂತೂ ಬೇಡವೇ ಬೇಡ. ‘ನಾನು ಇಂಥದ್ದು ಮಾಡಿ ಅಂದೆ, ಆಗಿಲ್ಲ, ಯಾಕೆ?’ ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದೇ ನಮ್ಮವರಿಗೆ ಕಷ್ಟ. ಎಷ್ಟೋ ಸಲ ನಾವು ಆದೇಶ ಕೊಟ್ಟೇ ಇರುವುದಿಲ್ಲ, ‘ಅದನ್ನ ಸ್ವಲ್ಪ ನೋಡಿದ್ರೆ ಚೆನ್ನಾಗಿರುತ್ತೆ’ ಅಂದಿರುತ್ತೇವೆ. ಅಮೆರಿಕನ್ ಕಿವಿಗೆ ಅದು ಸಲಹೆ, ನಮ್ಮ ಲೆಕ್ಕದಲ್ಲಿ ಅದು ಹುಕುಂ! ಕಾರಣ ಸರಿ ಇದ್ದರೆ ಆದೇಶ ಬದಲಿಸಿ, ಅದರಿಂದ ಮರ್ಯಾದೆ ಹೋಗುವುದಿಲ್ಲ. ಕಾರಣ ಇಲ್ಲದಿದ್ದರೆ ಆದೇಶವನ್ನು ಸ್ಪಷ್ಟವಾಗಿ, ತಾರೀಕಿನ ಸಮೇತ, ಮಾಡದಿದ್ದರೆ ಏನಾಗುತ್ತದೆ ಎಂಬುದರ ಸಮೇತ ಮತ್ತೆ ಹೇಳಿ, ಅದೇ ದಿನ ಮೇಲ್‌ನಲ್ಲಿ ಬರೆಯಿರಿ. ‘ಅವನ ಆಟಿಟ್ಯೂಡ್ ಸರಿ ಇಲ್ಲ’ ಅಂತ ಬರೆಯಬೇಡಿ. ಏನು ಹೇಳಿದಿರಿ, ಅವನು ಏನು ಮಾಡಲಿಲ್ಲ, ಅದನ್ನಷ್ಟೇ ಬರೆಯಿರಿ. ಅದೇ ತಪ್ಪನ್ನು ನಿಮ್ಮ ಪ್ರೀತಿಯ ಹುಡುಗ ಮಾಡಿದಾಗ ಬಿಟ್ಟಿದ್ದಿರಾ ಅಂತಲೂ ನೋಡಿಕೊಳ್ಳಿ, ಎಚ್‌ಆರ್ ಅದನ್ನು ಕೇಳಿಯೇ ಕೇಳುತ್ತದೆ.

ಇನ್ನೊಂದು ಎಚ್ಚರಿಕೆ. ಹೆಚ್ಚಿನ ಮ್ಯಾನೇಜರ್‌ಗಳು ಇಂಥವರನ್ನು ಸೀದಾ ಪಿ.ಐ.ಪಿ.ಗೆ, ಅಂದರೆ ಕೆಲಸ ಸುಧಾರಿಸಿಕೊಳ್ಳುವ ಮೂರು ತಿಂಗಳ ಯೋಜನೆಗೆ ಹಾಕುತ್ತಾರೆ. ಅದು ಕೆಲಸ ಬರದವನಿಗೆ ಇರುವ ಔಷಧ. ಕೆಲಸ ಬಂದೂ ಮಾಡೆನೆನ್ನುವವನಿಗೆ ಅದನ್ನು ಕೊಟ್ಟರೆ ಮೂರು ತಿಂಗಳು ಲಕ್ಷಣವಾಗಿದ್ದು ನಾಲ್ಕನೇ ತಿಂಗಳು ಮತ್ತೆ ಅದೇ ರಾಗ. ಅವನು ಈಚೆಗೆ ತಾರತಮ್ಯದ ಬಗ್ಗೆಯೋ, ಸುರಕ್ಷತೆಯ ಬಗ್ಗೆಯೋ ದೂರು ಕೊಟ್ಟಿದ್ದರೆ, ಆರೋಗ್ಯದ ರಜೆ ಕೇಳಿದ್ದರೆ, ಎಚ್‌ಆರ್ ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ಆ ಹೊತ್ತಿನ ಶಿಕ್ಷೆ ಕಾನೂನಿನ ಕಣ್ಣಿಗೆ ಸೇಡಿನ ಹಾಗೆ ಕಂಡೀತು. (ನಾನು ವಕೀಲನಲ್ಲ, ಕೇಸಿನ ಮಟ್ಟಕ್ಕೆ ಹೋಗಿದ್ದರೆ ವಕೀಲರನ್ನೇ ನೋಡಿ.)

ಕೊನೆಯದಾಗಿ ಆ ಪಕ್ಕದ ಸಾಲಿನ ಹೊಸ ಹುಡುಗರಿಗೆ. ‘ಆಗಲ್ಲ’ ಅನ್ನಬೇಕಾಗಿ ಬಂದರೆ ಅದಕ್ಕೆ ಕಾರಣವನ್ನೂ ಇನ್ನೊಂದು ದಾರಿಯನ್ನೂ ಜೋಡಿಸಿ ಹೇಳಿ. ಎಲ್ಲರ ಮುಂದೆ ಹೇಳುವಂಥದ್ದಲ್ಲ ಅಂದರೆ, ‘ಎರಡು ನಿಮಿಷ ಬೇರೆ ಮಾತಾಡಬೇಕು’ ಅನ್ನಿ. ಚಾಟ್‌ನಲ್ಲಿ ಬರೆದದ್ದನ್ನು ಓದಿದರು ಅಂತ ಅಂದುಕೊಳ್ಳಬೇಡಿ, ಫೋನ್ ಮಾಡಿ. ಆಮೇಲೆ ಮೇಲ್‌ಗೆ ಮೂರು ಸಾಲು ಸಾಕು: ‘ನಿನ್ನೆಯ ಬ್ಯಾಕಪ್ ಫೇಲ್ ಆಗಿದೆ. ಈಗ ಸ್ಕ್ರಿಪ್ಟ್ ಓಡಿಸಿದರೆ ಡೇಟಾ ಹೋಗುವ ಅಪಾಯವಿದೆ. ಎರಡು ಗಂಟೆ ಕೊಡಿ, ಹೊಸ ಬ್ಯಾಕಪ್ ತೆಗೆದು ನಾನೇ ಓಡಿಸುತ್ತೇನೆ.’